ನೀರಿನ ದಾರಿಯೋ, ಗಾಳಿಯ ದಾರಿಯೋ?
ಗೇಮಿಂಗ್ ಗಣಕಗಳ ತಂಪಿನ ವ್ಯವಸ್ಥೆಯ ಬಗ್ಗೆ ಒಂದು ವಿಮರ್ಶೆ

ಎರಡು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಸ್ಟಾಫ್ ರೂಮಿಗೆ ಬಂದು ನನ್ನ ಮುಂದೆ ಒಂದು ಹಾಳೆ ಹರಡಿದ. ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ, ಅರ್ಧದಷ್ಟು ಸೆಕೆಂಡ್ ಹ್ಯಾಂಡ್ ಬಿಡಿಭಾಗಗಳನ್ನು ಸೇರಿಸಿ ಆತ ತಾನೇ ಜೋಡಿಸಿದ ಗೇಮಿಂಗ್ ಗಣಕದ ಚಿತ್ರ ಅದರಲ್ಲಿತ್ತು. ಗಣಕವನ್ನು ತಂಪಾಗಿಡಲು ನೀರು ಹರಿಸುವ ಏರ್ಪಾಡು. ಪಂಪಿನಿಂದ ಹೊರಟ ನೀರು ಮೊದಲು ಪ್ರೊಸೆಸರನ್ನು, ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ತಂಪು ಮಾಡಿ, ಕೊನೆಗೆ ಎರಡು ರೇಡಿಯೇಟರುಗಳ ಮೂಲಕ ಹಾಯ್ದು ತೊಟ್ಟಿಗೆ ಮರಳುತ್ತಿತ್ತು.

"ಸಾರ್, ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ನಡುವೆ ಒಂದು ರೇಡಿಯೇಟರ್ ಹಾಕಿದರೆ ಎರಡೂ ತಂಪಾಗಿರುತ್ತವೆ ಅಂತಾರೆ. ಹಾಗೆ ಬದಲಾಯಿಸಲಾ?" ಎಂದು ಕೇಳಿದ.

ನಾನು ಲೆಕ್ಕ ಹಾಕಲಿಲ್ಲ. "ಹೌದಪ್ಪ, ಬಿಸಿಯಾದ ನೀರನ್ನು ತಣಿಸಿ ಮುಂದಕ್ಕೆ ಕಳಿಸುವುದು ಒಳ್ಳೆಯದೇ ತಾನೆ?" ಎಂದುಬಿಟ್ಟೆ. ಎರಡು ವಾರದ ನಂತರ ಆತ ಮತ್ತೆ ಬಂದ. ನಳಿಕೆಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಜೋಡಿಸಿದ್ದನಂತೆ, ಪ್ರೊಸೆಸರಿನ ತಾಪ 4 ಡಿಗ್ರಿ ಇಳಿದಿತ್ತಂತೆ. ಕೈಮುಗಿದು ಹೋದ. ನನಗೂ ಸಂತೋಷವಾಯಿತು.

ಕೆಲವು ದಿನಗಳ ಮೇಲೆ ಪ್ರಶ್ನೆಪತ್ರಿಕೆಗೆಂದು ಇದನ್ನೇ ಒಂದು ಲೆಕ್ಕವಾಗಿ ಬರೆಯಲು ಕುಳಿತಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು. ಅಷ್ಟೇ ಅಲ್ಲ, ಆತ ಹೇಳಿದ 4 ಡಿಗ್ರಿಗೂ ನಳಿಕೆಗಳ ಮರುಜೋಡಣೆಗೂ ಸಂಬಂಧವಿರಲು ಸಾಧ್ಯವಿರಲಿಲ್ಲ. ಈ ಲೇಖನ ಹುಟ್ಟಿದ್ದು ಹಾಗೆ. ನೀರಿನಿಂದ ತಂಪಾಗುವ ಗಣಕಗಳ ಬಗ್ಗೆ ಹವ್ಯಾಸಿಗಳಲ್ಲಿ ಬಾಯಿಂದ ಬಾಯಿಗೆ ಹರಡಿ ನಿಯಮಗಳಂತೆ ನಿಂತುಬಿಟ್ಟಿರುವ ಕೆಲವು ಸಲಹೆಗಳನ್ನು ಇಲ್ಲಿ ಭೌತವಿಜ್ಞಾನದ ಒರೆಗೆ ಹಚ್ಚಿದ್ದೇನೆ. ಕೊನೆಯಲ್ಲಿ ನಮ್ಮ ಪಾಠಕ್ರಮವನ್ನೂ ಹಚ್ಚಬೇಕಾಗಿದೆ.

ಏನಿದು ಏರ್ಪಾಡು?

ಸಾಮಾನ್ಯ ಗಣಕದಲ್ಲಿ ಪ್ರೊಸೆಸರಿನ ಮೇಲೆ ಲೋಹದ ರೆಕ್ಕೆಗಳೂ ಅದರ ಮೇಲೊಂದು ಫ್ಯಾನೂ ಇರುತ್ತವೆ. ಭಾರೀ ಆಟಗಳನ್ನು ಆಡಿಸುವ ಗಣಕಗಳಲ್ಲಿ ಉತ್ಪತ್ತಿಯಾಗುವ ಉಷ್ಣ ಹೆಚ್ಚು. ಇಂಟೆಲ್ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಹೊರತಂದ ಕೋರ್ ಐ9-14900ಕೆ ಪ್ರೊಸೆಸರಿಗೆ ಸಂಸ್ಥೆಯೇ ನಮೂದಿಸಿರುವ ಗರಿಷ್ಠ ಟರ್ಬೊ ಸಾಮರ್ಥ್ಯ 253 ವಾಟ್. ಎನ್ವಿಡಿಯಾ 2022ರ ಅಕ್ಟೋಬರಿನಲ್ಲಿ ತಂದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿನದು 450 ವಾಟ್. ಇವೆರಡು ಸೇರಿದರೆ ಸುಮಾರು 700 ವಾಟ್. ಗಣಕ ಬಳಸುವ ವಿದ್ಯುಚ್ಛಕ್ತಿಯೆಲ್ಲ ಕಡೆಗೆ ಉಷ್ಣವಾಗಿಯೇ ಹೊರಬರುತ್ತದೆ ಎಂಬುದನ್ನು ಶಕ್ತಿ ಸಂರಕ್ಷಣಾ ನಿಯಮ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಉಷ್ಣವನ್ನು ಸಾಗಿಸಲು ನೀರನ್ನು ಬಳಸುತ್ತಾರೆ. ಚಿಪ್ಪಿನ ಮೇಲೆ 'ವಾಟರ್ ಬ್ಲಾಕ್' ಎಂಬ ತಾಮ್ರದ ಪುಟ್ಟ ಡಬ್ಬಿ ಕೂರುತ್ತದೆ. ಅದರೊಳಗಿನ ಅತಿ ಸಣ್ಣ ಕಾಲುವೆಗಳಲ್ಲಿ ನೀರು ಹರಿದು ಉಷ್ಣವನ್ನು ಹೀರಿಕೊಳ್ಳುತ್ತದೆ. ರೇಡಿಯೇಟರಿನಲ್ಲಿ ಫ್ಯಾನುಗಳು ಊದುವ ಗಾಳಿಗೆ ಅದನ್ನು ಬಿಟ್ಟುಕೊಡುತ್ತದೆ. ಪಂಪು, ತೊಟ್ಟಿ, ಬ್ಲಾಕುಗಳು, ರೇಡಿಯೇಟರುಗಳು, ಇವನ್ನು ಕೂಡಿಸುವ ನಳಿಕೆಗಳು ಎಲ್ಲ ಸೇರಿ ಒಂದು ಮುಚ್ಚಿದ ಮಂಡಲ. ಹವ್ಯಾಸಿಗಳು ಇದನ್ನು 'ಲೂಪ್' ಎನ್ನುತ್ತಾರೆ. ಯಾವುದರ ನಂತರ ಯಾವುದು ಬರಬೇಕು ಎಂಬುದು ಅವರಲ್ಲಿ ಮುಗಿಯದ ಚರ್ಚೆ.

ಮೊದಲ ಲೆಕ್ಕ

ನನ್ನ ವಿದ್ಯಾರ್ಥಿಯ ಗಣಕ ಮೇಲೆ ಹೇಳಿದ್ದಕ್ಕಿಂತ ಬಹಳ ಸಣ್ಣದು. ಆದರೂ 700 ವಾಟಿನ ಗಣಕವನ್ನೇ ತೆಗೆದುಕೊಳ್ಳೋಣ. ಅದರಲ್ಲೇ ವ್ಯತ್ಯಾಸ ಅಲ್ಪವೆಂದು ಕಂಡುಬಂದರೆ ಸಣ್ಣದರಲ್ಲಿ ಇನ್ನೂ ಅಲ್ಪವಾಗಿರುತ್ತದೆ. ಪ್ರೊಸೆಸರಿಗೆ 250 ವಾಟ್, ಗ್ರಾಫಿಕ್ಸ್ ಕಾರ್ಡಿಗೆ 450 ವಾಟ್ ಎನ್ನೋಣ. ಮಂಡಲದಲ್ಲಿ ನಿಮಿಷಕ್ಕೆ 3 ಲೀಟರ್, ಅಂದರೆ ಸೆಕೆಂಡಿಗೆ 0.05 ಕಿಲೋಗ್ರಾಂ ನೀರು ಹರಿಯಲಿ. ಚೆನ್ನಾಗಿ ಜೋಡಿಸಿದ ವ್ಯವಸ್ಥೆಯಲ್ಲಿ ಈ ಪ್ರವಾಹ ಕಷ್ಟವೇನಲ್ಲ.

ನಮಗೆ ಬೇಕಾದದ್ದು ಒಂದೇ ಸಮೀಕರಣ:

ಸೆಕೆಂಡಿಗೆ ನೀರು ಪಡೆಯುವ ಉಷ್ಣ = ಸೆಕೆಂಡಿಗೆ ಹರಿಯುವ ನೀರಿನ ದ್ರವ್ಯರಾಶಿ × ವಿಶಿಷ್ಟೋಷ್ಣ × ತಾಪದ ಏರಿಕೆ

ನೀರಿನ ವಿಶಿಷ್ಟೋಷ್ಣ ಪ್ರತಿ ಕಿಲೋಗ್ರಾಂಗೆ, ಪ್ರತಿ ಡಿಗ್ರಿಗೆ ಸುಮಾರು 4180 ಜೂಲ್. ಇದನ್ನು 0.05ರಿಂದ ಗುಣಿಸಿದರೆ 209. ಎಂದರೆ ಈ ಪ್ರವಾಹದ ತಾಪವನ್ನು ಒಂದು ಡಿಗ್ರಿ ಏರಿಸಲು 209 ವಾಟ್ ಬೇಕು. ಆದ್ದರಿಂದ ಪ್ರೊಸೆಸರನ್ನು ದಾಟುವಾಗ ನೀರಿನ ತಾಪ ಏರುವುದು 1.2 ಡಿಗ್ರಿ. ಗ್ರಾಫಿಕ್ಸ್ ಕಾರ್ಡನ್ನು ದಾಟುವಾಗ 2.15 ಡಿಗ್ರಿ. ಎರಡೂ ಸೇರಿ 3.35 ಡಿಗ್ರಿ.

ಇದನ್ನು ನೋಡಿದ ಕೂಡಲೇ ಚರ್ಚೆಯ ಮುಕ್ಕಾಲು ಪಾಲು ಮುಗಿದಂತೆ. ಇಡೀ ಮಂಡಲದಲ್ಲಿ ಅತಿ ಬಿಸಿಯ ನೀರಿಗೂ ಅತಿ ತಂಪಾದ ನೀರಿಗೂ ಇರುವ ಅಂತರವೇ ಮೂರೂವರೆ ಡಿಗ್ರಿಗಿಂತ ಕಡಿಮೆ. ಪ್ರೊಸೆಸರನ್ನು ಗ್ರಾಫಿಕ್ಸ್ ಕಾರ್ಡಿನ ನಂತರದ ಸ್ಥಾನದಿಂದ ಮೊದಲಿನ ಸ್ಥಾನಕ್ಕೆ ತಂದರೆ ಅದಕ್ಕೆ ಸಿಗುವ ನೀರು 2.15 ಡಿಗ್ರಿ ತಂಪಾಗುತ್ತದೆ, ಅಷ್ಟೆ. ನೀರು 40 ಡಿಗ್ರಿ ಇದ್ದು ಪ್ರೊಸೆಸರ್ 85 ಡಿಗ್ರಿ ತೋರಿಸುತ್ತಿದ್ದರೆ, ನಡುವಿನ 45 ಡಿಗ್ರಿ ಎಲ್ಲಿದೆ ಎಂಬುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ಮುಂದೆ ಬರೋಣ.

ನಡುವೆ ರೇಡಿಯೇಟರ್ ಇಟ್ಟರೆ?

ನಾನು ಎಡವಿದ್ದು ಇಲ್ಲಿ. ಕೋಣೆಯ ತಾಪ 30 ಡಿಗ್ರಿ ಎನ್ನೋಣ. ಎರಡು ಸಮಾನ ರೇಡಿಯೇಟರುಗಳಿವೆ. ಪ್ರತಿಯೊಂದೂ, ತನ್ನೊಳಗಿನ ನೀರು ಕೋಣೆಗಿಂತ ಎಷ್ಟು ಡಿಗ್ರಿ ಬೆಚ್ಚಗಿದೆಯೋ ಆ ಪ್ರತಿ ಡಿಗ್ರಿಗೆ 35 ವಾಟ್ ಹೊರಹಾಕಬಲ್ಲದು ಎನ್ನೋಣ. ಎರಡೂ ಸೇರಿ 700 ವಾಟ್ ಹೊರಹಾಕಬೇಕಾದರೆ ಅವುಗಳೊಳಗಿನ ನೀರಿನ ಸರಾಸರಿ ತಾಪ ಕೋಣೆಗಿಂತ 10 ಡಿಗ್ರಿ ಹೆಚ್ಚು, ಅಂದರೆ 40 ಡಿಗ್ರಿ ಇರಲೇಬೇಕು. ಇದು ನಳಿಕೆಗಳ ಜೋಡಣೆಯನ್ನು ಅವಲಂಬಿಸಿಲ್ಲ. ರೇಡಿಯೇಟರಿನ ವಿಸ್ತಾರ ಮತ್ತು ಗಾಳಿ ಇವೆರಡೇ ಇದನ್ನು ನಿರ್ಧರಿಸುತ್ತವೆ.

ಮೊದಲ ಜೋಡಣೆ: ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎರಡು ರೇಡಿಯೇಟರುಗಳು. ಒಂದೊಂದು ರೇಡಿಯೇಟರೂ ಸರಿಸುಮಾರು ಅರ್ಧರ್ಧ ಉಷ್ಣವನ್ನು ಹೊರಹಾಕುತ್ತದೆ ಎಂದರೆ ಪ್ರತಿಯೊಂದರಲ್ಲೂ ನೀರು 1.7 ಡಿಗ್ರಿಯಷ್ಟು ತಣಿಯುತ್ತದೆ. ಸರಾಸರಿ 40 ಡಿಗ್ರಿ ಬರುವಂತೆ ಲೆಕ್ಕ ಹಾಕಿದರೆ, ನೀರು ಪ್ರೊಸೆಸರನ್ನು ಪ್ರವೇಶಿಸುವುದು 38.3 ಡಿಗ್ರಿಯಲ್ಲಿ, ಗ್ರಾಫಿಕ್ಸ್ ಕಾರ್ಡನ್ನು ಪ್ರವೇಶಿಸುವುದು 39.5ರಲ್ಲಿ, ಅಲ್ಲಿಂದ ಹೊರಬರುವುದು 41.7ರಲ್ಲಿ. ಮೊದಲ ರೇಡಿಯೇಟರಿನಿಂದ 40.0 ಆಗಿ, ಎರಡನೆಯದರಿಂದ ಮತ್ತೆ 38.3 ಆಗಿ ಹೊರಬರುತ್ತದೆ.

ಎರಡನೆಯ ಜೋಡಣೆ: ಪ್ರೊಸೆಸರ್, ಒಂದು ರೇಡಿಯೇಟರ್, ಗ್ರಾಫಿಕ್ಸ್ ಕಾರ್ಡ್, ಇನ್ನೊಂದು ರೇಡಿಯೇಟರ್. ಈಗಲೂ ರೇಡಿಯೇಟರುಗಳ ಸರಾಸರಿ 40 ಡಿಗ್ರಿಯೇ. ಆದರೆ ಪ್ರೊಸೆಸರಿಗೆ ಹೋಗುವ ನೀರು 39.4 ಡಿಗ್ರಿ. ಅಲ್ಲಿಂದ 40.6 ಆಗಿ ಹೊರಟು, ರೇಡಿಯೇಟರಿನಲ್ಲಿ 38.9ಕ್ಕೆ ಇಳಿದು, ಗ್ರಾಫಿಕ್ಸ್ ಕಾರ್ಡಿನಲ್ಲಿ 41.1ಕ್ಕೆ ಏರಿ, ಕೊನೆಯ ರೇಡಿಯೇಟರಿನಲ್ಲಿ 39.4ಕ್ಕೆ ಮರಳುತ್ತದೆ.

ಎರಡನ್ನೂ ಹೋಲಿಸಿ ನೋಡಿ. ರೇಡಿಯೇಟರನ್ನು ನಡುವೆ ಇಟ್ಟದ್ದರಿಂದ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ನೀರು 0.6 ಡಿಗ್ರಿ ತಂಪಾಯಿತು. ಆದರೆ ಪ್ರೊಸೆಸರಿಗೆ ಹೋಗುವ ನೀರು 1.1 ಡಿಗ್ರಿ ಬೆಚ್ಚಗಾಯಿತು! ಮೊದಲಿನ ಜೋಡಣೆಯಲ್ಲಿ ಎರಡು ರೇಡಿಯೇಟರುಗಳನ್ನೂ ದಾಟಿದ ಅತಿ ತಂಪಿನ ನೀರು ಪ್ರೊಸೆಸರಿಗೆ ಸಿಗುತ್ತಿತ್ತು. ಆ ಸವಲತ್ತನ್ನು ನನ್ನ ಸಲಹೆ ಕಿತ್ತುಕೊಂಡಿತು. ಒಂದು ರೇಡಿಯೇಟರನ್ನು ನಡುವೆ ತಂದರೆ ಕೊನೆಯಲ್ಲಿ ಒಂದು ಕಡಿಮೆಯಾಗುತ್ತದೆ ಎಂಬ ಸರಳ ವಿಷಯ ನನಗೆ ಹೊಳೆದಿರಲಿಲ್ಲ.

ಇಲ್ಲೊಂದು ಮಾತು ನ್ಯಾಯವಾಗಿ ಹೇಳಬೇಕು. ಪ್ರವಾಹ ತೀರಾ ಕಡಿಮೆಯಾಗಿದ್ದಲ್ಲಿ ಕ್ರಮಕ್ಕೆ ಬೆಲೆ ಬರುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ಹರಿದರೆ ಅದೇ 700 ವಾಟ್ ನೀರಿನ ತಾಪವನ್ನು 10 ಡಿಗ್ರಿ ಏರಿಸುತ್ತದೆ. ಆಗ ಮೊದಲಿನವರಿಗೂ ಕೊನೆಯವರಿಗೂ ಅಂತರ ಎದ್ದು ಕಾಣುತ್ತದೆ. ಆದರೆ ಅಂಥಲ್ಲಿ ಮಾಡಬೇಕಾದದ್ದು ಪ್ರವಾಹವನ್ನು ಹೆಚ್ಚಿಸುವುದು, ಎಂದರೆ ಕಟ್ಟಿಕೊಂಡ ಕಾಲುವೆ ತೊಳೆಯುವುದು, ಮಡಚಿದ ನಳಿಕೆ ನೇರ ಮಾಡುವುದು, ಪಂಪನ್ನು ಪರೀಕ್ಷಿಸುವುದು. ಕ್ರಮ ಬದಲಿಸಿದರೆ ರೋಗ ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಹಾಗಾದರೆ ಆ 4 ಡಿಗ್ರಿ ಎಲ್ಲಿಂದ ಬಂತು?

ವಿದ್ಯಾರ್ಥಿಯನ್ನು ಕರೆಸಿ ವಿಚಾರಿಸಿದೆ. ಮೊದಲ ಅಳತೆ ತೆಗೆದದ್ದು ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ. ಎರಡನೆಯದು ಮೇ ತಿಂಗಳಲ್ಲಿ, ಸಂಜೆ ಮಳೆ ಬಿದ್ದ ದಿನ ರಾತ್ರಿ ಹತ್ತಕ್ಕೆ. ಕೋಣೆಯ ತಾಪವನ್ನು ಎರಡು ಸಲವೂ ಬರೆದಿಟ್ಟಿರಲಿಲ್ಲ. ಜೊತೆಗೆ, ಬ್ಲಾಕನ್ನು ಬಿಚ್ಚಿದ್ದರಿಂದ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿದ್ದ. ರೇಡಿಯೇಟರುಗಳ ಧೂಳು ಒರೆಸಿದ್ದ. ಹೊಸ ನೀರು ತುಂಬಿ ಗುಳ್ಳೆಗಳನ್ನು ಹೊರಡಿಸಿದ್ದ. ಬದಲಾದದ್ದು ಐದು ಸಂಗತಿ, ಕೀರ್ತಿ ಸಿಕ್ಕಿದ್ದು ಒಂದಕ್ಕೆ.

ಇದು ಆತನೊಬ್ಬನ ತಪ್ಪಲ್ಲ. ಮಂಡಲವನ್ನು ಬದಲಿಸುವ ಯಾರೂ ಇವನ್ನೆಲ್ಲ ಒಟ್ಟಿಗೆ ಮಾಡದೆ ಇರಲಾರರು. ಆದ್ದರಿಂದಲೇ 'ಕ್ರಮ ಬದಲಿಸಿದೆ, ಇಷ್ಟು ಡಿಗ್ರಿ ಇಳಿಯಿತು' ಎಂಬ ಅನುಭವಗಳು ಹೇರಳವಾಗಿ ಸಿಗುತ್ತವೆ. ಅವು ಸುಳ್ಳಲ್ಲ, ಆದರೆ ಸಾಕ್ಷ್ಯವೂ ಅಲ್ಲ.

ನಾವು ಮತ್ತೊಮ್ಮೆ ಸರಿಯಾಗಿ ಅಳೆದೆವು. ಪ್ರಯೋಗಾಲಯದ ತಾಪಮಾಪಕವನ್ನು ರೇಡಿಯೇಟರಿನ ಗಾಳಿ ಒಳಹೋಗುವ ಬದಿಯಲ್ಲಿ ಇಟ್ಟು, ಒಂದೇ ಪರೀಕ್ಷಾ ಕಾರ್ಯಕ್ರಮವನ್ನು ಅರ್ಧ ಗಂಟೆ ಓಡಿಸಿ, ಪ್ರೊಸೆಸರಿನ ತಾಪದಿಂದ ಕೋಣೆಯ ತಾಪವನ್ನು ಕಳೆದು ಬರೆದುಕೊಂಡೆವು. ಪ್ರತಿ ಜೋಡಣೆಗೆ ಮೂರು ಬಾರಿ. ಇದಕ್ಕಾಗಿ ಆತ ಪಾಪ ಎರಡು ಭಾನುವಾರ ನೀರು ಬಸಿದು ಮತ್ತೆ ತುಂಬಿದ. ಫಲಿತಾಂಶ: ಎರಡು ಜೋಡಣೆಗಳ ನಡುವಿನ ಅಂತರಕ್ಕಿಂತ, ಒಂದೇ ಜೋಡಣೆಯಲ್ಲಿ ಮೂರು ಬಾರಿ ಅಳೆದಾಗ ಬಂದ ಅಂತರವೇ ಹೆಚ್ಚು. ಗಣಕದ ತಾಪಸಂವೇದಕ ಪೂರ್ಣ ಡಿಗ್ರಿಗಳನ್ನಷ್ಟೇ ತೋರಿಸುವಾಗ ಅರ್ಧ ಡಿಗ್ರಿಯ ಬಗ್ಗೆ ನಾವು ಏನನ್ನೂ ಹೇಳುವಂತಿಲ್ಲ. 4 ಡಿಗ್ರಿಯ ಲಾಭ ಇರಲಿಲ್ಲ ಎಂದಷ್ಟೇ ಧೈರ್ಯವಾಗಿ ಹೇಳಬಹುದು.

ಇನ್ನು ಕೆಲವು ನಂಬಿಕೆಗಳು

'ನೀರು ನಿಧಾನವಾಗಿ ಹರಿಯಬೇಕು, ಇಲ್ಲದಿದ್ದರೆ ರೇಡಿಯೇಟರಿನಲ್ಲಿ ಉಷ್ಣ ಬಿಟ್ಟುಕೊಡಲು ಅದಕ್ಕೆ ಸಮಯ ಸಾಲದು.' ಕೇಳಲು ಸಹಜವೆನಿಸುವ ಈ ಮಾತು ತಾಪವನ್ನೂ ಉಷ್ಣವನ್ನೂ ಗೊಂದಲ ಮಾಡಿಕೊಳ್ಳುತ್ತದೆ. ಪ್ರವಾಹ ಇಮ್ಮಡಿಯಾದರೆ ನೀರಿನ ಪ್ರತಿ ತೊಟ್ಟು ಒಂದು ಸುತ್ತಿನಲ್ಲಿ ಅರ್ಧದಷ್ಟೇ ತಣಿಯುತ್ತದೆ, ನಿಜ. ಆದರೆ ಅದು ಎರಡು ಪಟ್ಟು ಹೆಚ್ಚು ಸಲ ಸುತ್ತುತ್ತದೆ. ಮಂಡಲದಲ್ಲಿ ಒಂದು ಲೀಟರ್ ನೀರಿದ್ದು ನಿಮಿಷಕ್ಕೆ 3 ಲೀಟರ್ ಹರಿದರೆ 20 ಸೆಕೆಂಡಿಗೊಮ್ಮೆ ಸುತ್ತು ಮುಗಿಯುತ್ತದೆ. ಆರು ಲೀಟರ್ ಹರಿದರೆ 10 ಸೆಕೆಂಡಿಗೊಮ್ಮೆ. ಹೊರಹೋಗುವ ಒಟ್ಟು ಉಷ್ಣ ಅಷ್ಟೇ ಇರುತ್ತದೆ. ವೇಗ ಹೆಚ್ಚಿದಾಗ ಗೋಡೆಗೆ ಅಂಟಿದ ನೀರಿನ ಪದರ ತೆಳುವಾಗುವುದರಿಂದ ಉಷ್ಣದ ವರ್ಗಾವಣೆ ಸ್ವಲ್ಪ ಸುಧಾರಿಸುವುದೂ ಉಂಟು. ವೇಗದಿಂದ ಆಗುವ ನಷ್ಟ ಪಂಪಿನ ಸದ್ದು ಮತ್ತು ಅದು ತಾನೇ ಸೇರಿಸುವ ಕೆಲವು ವಾಟ್ ಉಷ್ಣ ಮಾತ್ರ.

'ತೊಟ್ಟಿ ದೊಡ್ಡದಾದಷ್ಟೂ ತಂಪು.' ದೊಡ್ಡ ತೊಟ್ಟಿ ಬಿಸಿಯಾಗುವುದನ್ನು ತಡಮಾಡುತ್ತದೆ, ತಡೆಯುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಒಂದು ಲೀಟರ್ ನೀರಿನ ಉಷ್ಣಧಾರಕತೆ ಡಿಗ್ರಿಗೆ 4180 ಜೂಲ್, ರೇಡಿಯೇಟರುಗಳು ಡಿಗ್ರಿಗೆ 70 ವಾಟ್. ಭಾಗಿಸಿದರೆ ಸುಮಾರು 60 ಸೆಕೆಂಡ್. ಇದು ಆ ನೀರಿನ ಕಾಲ ಸ್ಥಿರಾಂಕ, ಸಂಧಾರಕ ಮತ್ತು ರೋಧಕದ ಮಂಡಲದಲ್ಲಿ ನಾವು ಕಲಿಸುವಂಥದ್ದೇ. ಇನ್ನೊಂದು ಲೀಟರ್ ಸೇರಿಸಿದರೆ ಇನ್ನೊಂದು ನಿಮಿಷ ಸೇರುತ್ತದೆ. ಆಟ ಮೂರು ಗಂಟೆ ನಡೆಯುತ್ತದೆ.

'ರೇಡಿಯೇಟರ್ ಮೇಲಿದ್ದರೆ ಪಂಪಿಗೆ ಭಾರ.' ಖಾಲಿ ಮಂಡಲಕ್ಕೆ ನೀರು ತುಂಬುವಾಗ ಇದು ನಿಜ. ತುಂಬಿದ ನಂತರ ಒಂದು ನಳಿಕೆಯಲ್ಲಿ ಏರುವ ನೀರಿನ ತೂಕವನ್ನು ಇನ್ನೊಂದರಲ್ಲಿ ಇಳಿಯುವ ನೀರು ಸರಿದೂಗಿಸುತ್ತದೆ. ಪಂಪು ಗೆಲ್ಲಬೇಕಾದದ್ದು ಘರ್ಷಣೆಯನ್ನು ಮಾತ್ರ.

'ನಳಿಕೆಗೆ ತಿರುವುಗಳು ಕಡಿಮೆ ಇರಬೇಕು.' 10 ಮಿಲಿಮೀಟರ್ ಒಳವ್ಯಾಸದ ನಳಿಕೆಯಲ್ಲಿ ನಮ್ಮ ಪ್ರವಾಹದ ವೇಗ ಸೆಕೆಂಡಿಗೆ 0.64 ಮೀಟರ್. ರೆನಾಲ್ಡ್ಸ್ ಸಂಖ್ಯೆ ಸುಮಾರು 9000, ಎಂದರೆ ಪ್ರವಾಹ ಪ್ರಕ್ಷುಬ್ಧ. ಒಂದು ಮೀಟರ್ ಉದ್ದಕ್ಕೆ ಒತ್ತಡದ ನಷ್ಟ ಸುಮಾರು 7 ಸೆಂಟಿಮೀಟರ್ ನೀರಿನ ಕಂಬದಷ್ಟು. ಒಂದು ಚೂಪಾದ ತಿರುವಿಗೆ ಸುಮಾರು 2 ಸೆಂಟಿಮೀಟರ್. ಈ ಹವ್ಯಾಸದಲ್ಲಿ ಬಹಳ ಬಳಕೆಯಲ್ಲಿರುವ ಡಿ5 ಮಾದರಿಯ ಪಂಪು ಎತ್ತಬಲ್ಲ ಗರಿಷ್ಠ ಕಂಬ 3.9 ಮೀಟರ್. ಹತ್ತು ತಿರುವುಗಳಿದ್ದರೂ 20 ಸೆಂಟಿಮೀಟರ್. ಒತ್ತಡವನ್ನು ನಿಜಕ್ಕೂ ನುಂಗುವುದು ಬ್ಲಾಕಿನೊಳಗಿನ ಸಣ್ಣ ಕಾಲುವೆಗಳು.

ಇದೇ ಪಂಪಿನ ಮೇಲೆ 'ಗಂಟೆಗೆ 1500 ಲೀಟರ್' ಎಂದೂ ಬರೆದಿರುತ್ತದೆ. ಅದು ಯಾವ ಅಡೆತಡೆಯೂ ಇಲ್ಲದಾಗಿನ ಪ್ರವಾಹ. 3.9 ಮೀಟರ್ ಎಂಬುದು ಪ್ರವಾಹ ಸೊನ್ನೆಯಾದಾಗಿನ ಒತ್ತಡ. ಎರಡೂ ಒಟ್ಟಿಗೆ ಸಿಗುವುದಿಲ್ಲ. ವಿದ್ಯುತ್ಕೋಶದ ತೆರೆದ ಮಂಡಲದ ವೋಲ್ಟೇಜು ಮತ್ತು ಹ್ರಸ್ವಮಂಡಲದ ವಿದ್ಯುತ್ಪ್ರವಾಹ ಒಟ್ಟಿಗೆ ಸಿಗದಂತೆಯೇ ಇದು. ಭೌತವಿಜ್ಞಾನದ ಅಧ್ಯಾಪಕರಿಗೆ ತರಗತಿಯಲ್ಲಿ ಬಳಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗಲಾರದು.

ಆ 45 ಡಿಗ್ರಿ

ಈಗ ಬಾಕಿ ಇಟ್ಟ ಪ್ರಶ್ನೆಗೆ ಬರೋಣ. ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್, ಸಾಮರ್ಥ್ಯ 1000 ವಾಟ್. ಚದರ ಸೆಂಟಿಮೀಟರಿಗೆ 5 ವಾಟ್. ಪ್ರೊಸೆಸರಿನ ಸಿಲಿಕಾನ್ ಚೂರಿನ ವಿಸ್ತೀರ್ಣ ಎರಡೂವರೆ ಚದರ ಸೆಂಟಿಮೀಟರಿನ ಆಸುಪಾಸು. ಅದರ ಮೂಲಕ 250 ವಾಟ್ ಹೊರಬರಬೇಕು. ಚದರ ಸೆಂಟಿಮೀಟರಿಗೆ 100 ವಾಟ್! ಇಸ್ತ್ರಿಪೆಟ್ಟಿಗೆಯ ಇಪ್ಪತ್ತು ಪಟ್ಟು. ಈ ಉಷ್ಣ ಸಿಲಿಕಾನಿನಿಂದ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಪೇಸ್ಟಿನ ತೆಳು ಪದರಕ್ಕೆ, ಬ್ಲಾಕಿನ ತಾಮ್ರಕ್ಕೆ, ಕೊನೆಗೆ ನೀರಿಗೆ ದಾಟಬೇಕು. ಒಂದೊಂದು ಗಡಿಯೂ ಒಂದೊಂದು ಉಷ್ಣರೋಧ. 45 ಡಿಗ್ರಿ ಕರಗುವುದು ಈ ಕೆಲವು ಮಿಲಿಮೀಟರುಗಳಲ್ಲಿ.

ಈ ಕೊನೆಯ ಗಡಿಯ ಮಹತ್ವವನ್ನು ತೋರಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಕರ್‌ಮನ್ ಮತ್ತು ಪೀಸ್. 1981ರಲ್ಲಿ ಅವರು ಸಿಲಿಕಾನಿನಲ್ಲಿಯೇ ಸುಮಾರು 50 ಮೈಕ್ರೋಮೀಟರ್ ಅಗಲದ ಕಾಲುವೆಗಳನ್ನು ಕೊರೆದು ನೀರು ಹರಿಸಿ, ಚದರ ಸೆಂಟಿಮೀಟರಿಗೆ 790 ವಾಟ್ ಉಷ್ಣವನ್ನು 71 ಡಿಗ್ರಿ ತಾಪದ ಏರಿಕೆಯಲ್ಲಿ ಹೊರತೆಗೆದು ತೋರಿಸಿದರು. ಇಂದಿನ ವಾಟರ್ ಬ್ಲಾಕುಗಳ ಸೂಕ್ಷ್ಮ ರೆಕ್ಕೆಗಳ ಹಿಂದಿರುವುದು ಇದೇ ವಿಚಾರ. ಪೇಸ್ಟನ್ನು ಸಮವಾಗಿ ಹಚ್ಚುವುದು, ಬ್ಲಾಕಿನ ತಿರುಪುಗಳನ್ನು ಸಮನಾಗಿ ಬಿಗಿಯುವುದು, ಬ್ಲಾಕಿನ ಒಳದ್ವಾರ ಮತ್ತು ಹೊರದ್ವಾರ ಅದಲುಬದಲಾಗದಂತೆ ನೋಡಿಕೊಳ್ಳುವುದು ಇಂಥ ಸಣ್ಣ ಕೆಲಸಗಳು ಕ್ರಮದ ಚರ್ಚೆಗಿಂತ ಹೆಚ್ಚು ಫಲ ಕೊಡುತ್ತವೆ.

ಜೋಡಣೆ ನಿಜಕ್ಕೂ ಮುಖ್ಯವಾಗುವ ಕಡೆ

ಹಾಗೆಂದು ಜೋಡಣೆಗೆ ಬೆಲೆಯೇ ಇಲ್ಲವೆಂದಲ್ಲ. ಒಂದು ಕ್ರಮವನ್ನು ಮಾತ್ರ ಮೀರುವಂತಿಲ್ಲ: ತೊಟ್ಟಿ ಪಂಪಿಗೆ ಸ್ವಲ್ಪ ಮೊದಲು, ಅದಕ್ಕಿಂತ ಮೇಲಿರಬೇಕು. ಈ ಪಂಪುಗಳು ಗಾಳಿಯನ್ನು ಎಳೆದು ತಾವಾಗಿ ನೀರು ಸೇದಲಾರವು. ಅವುಗಳ ಬೇರಿಂಗಿಗೆ ಹರಿಯುವ ನೀರೇ ಕೀಲೆಣ್ಣೆ. ಒಣಗಿ ತಿರುಗಿದರೆ ಪಂಪು ಹಾಳು. ಮಂಡಲದ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಒಂದು ದ್ವಾರ, ಎತ್ತರದ ಜಾಗದಲ್ಲಿ ಗಾಳಿ ಹೊರಹೋಗಲು ಒಂದು ದಾರಿ ಇರಬೇಕು. ಅಲ್ಯೂಮಿನಿಯಮ್ಮಿನ ರೇಡಿಯೇಟರನ್ನು ತಾಮ್ರದ ಬ್ಲಾಕಿನ ಜೊತೆ ಸೇರಿಸಬಾರದು. ಅವುಗಳ ಪ್ರಮಾಣಿತ ವಿದ್ಯುದ್ವಿಭವಗಳು ಮೈನಸ್ 1.66 ಮತ್ತು ಪ್ಲಸ್ 0.34 ವೋಲ್ಟ್. ನೀರಿನಲ್ಲಿ ಅಯಾನುಗಳು ಸೇರುತ್ತ ಹೋದಂತೆ ಮಂಡಲವೇ ಒಂದು ವಿದ್ಯುತ್ಕೋಶವಾಗಿ ಅಲ್ಯೂಮಿನಿಯಮ್ ಸವೆಯುತ್ತದೆ.

ಇವೆಲ್ಲಕ್ಕಿಂತ ಕಡೆಗಣಿಸಲ್ಪಟ್ಟದ್ದು ಗಾಳಿಯ ದಾರಿ. ಒಂದು ಘನಮೀಟರ್ ಗಾಳಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 1200 ಜೂಲ್ ಸಾಕು. ಅಷ್ಟೇ ಗಾತ್ರದ ನೀರಿಗೆ ಅದರ ಸುಮಾರು 3500 ಪಟ್ಟು ಬೇಕು. ಗಾಳಿಯ ತಾಪ 5 ಡಿಗ್ರಿ ಮಾತ್ರ ಏರುವಂತೆ 700 ವಾಟ್ ಸಾಗಿಸಬೇಕಾದರೆ ಸೆಕೆಂಡಿಗೆ ಸುಮಾರು 117 ಲೀಟರ್ ಗಾಳಿ ಬೇಕು. ನೀರಾದರೋ ಸೆಕೆಂಡಿಗೆ ಒಂದು ಲೋಟದ ಕಾಲುಭಾಗ. ಈ ಸರಪಳಿಯ ದುರ್ಬಲ ಕೊಂಡಿ ಯಾವುದೆಂದು ಬೇರೆ ಹೇಳಬೇಕಿಲ್ಲ.

ಈಗ ಇದನ್ನು ಗಮನಿಸಿ. ಮುಂಭಾಗದ ರೇಡಿಯೇಟರ್ ಕೋಣೆಯ 30 ಡಿಗ್ರಿ ಗಾಳಿಯನ್ನು ಎಳೆದು ಪೆಟ್ಟಿಗೆಯೊಳಗೆ ಬಿಡುತ್ತದೆ. ಮೇಲಿನ ರೇಡಿಯೇಟರ್ ಪೆಟ್ಟಿಗೆಯೊಳಗಿನ 35 ಡಿಗ್ರಿಯ ಅದೇ ಗಾಳಿಯನ್ನು ಎಳೆದು ಹೊರಹಾಕುತ್ತದೆ. ಇಂಥ ಜೋಡಣೆ ಬಹಳ ಸಾಮಾನ್ಯ. ಆಗ 700 ವಾಟ್ ಹೊರಹೋಗಬೇಕಾದರೆ ನೀರಿನ ಸರಾಸರಿ ತಾಪ 40ರ ಬದಲು 42.5 ಡಿಗ್ರಿಗೆ ಏರಬೇಕಾಗುತ್ತದೆ. ಎರಡೂವರೆ ಡಿಗ್ರಿ, ಅದೂ ಪ್ರೊಸೆಸರಿಗೆ, ಗ್ರಾಫಿಕ್ಸ್ ಕಾರ್ಡಿಗೆ ಎರಡಕ್ಕೂ. ನಳಿಕೆಗಳನ್ನು ಹೇಗೆ ತಿರುಗಿಸಿದರೂ ಇಷ್ಟು ನಷ್ಟವನ್ನು ತುಂಬಿಕೊಳ್ಳಲಾಗದು. ಎರಡು ರೇಡಿಯೇಟರುಗಳಿಗೂ ಕೋಣೆಯ ಗಾಳಿಯೇ ಸಿಗುವಂತೆ ಫ್ಯಾನುಗಳನ್ನು ತಿರುಗಿಸಿ, ಬಿಸಿ ಗಾಳಿ ಹೊರಹೋಗಲು ಬೇರೆ ದಾರಿ ಬಿಟ್ಟರೆ ಒಂದು ಹನಿ ನೀರನ್ನೂ ಬಸಿಯದೆ ಆ ನಷ್ಟದ ಬಹುಪಾಲು ತಪ್ಪುತ್ತದೆ.

ಕೋಣೆಯದೂ ಇದೇ ಕಥೆ. ಕೋಣೆ ಒಂದು ಡಿಗ್ರಿ ಏರಿದರೆ ನೀರೂ ಒಂದು ಡಿಗ್ರಿ ಏರುತ್ತದೆ. 700 ವಾಟಿನ ಗಣಕ ಮೂರು ಗಂಟೆ ಓಡಿದರೆ 2.1 ಯೂನಿಟ್ ವಿದ್ಯುತ್ತು ಉಷ್ಣವಾಗಿ ಆ ಕೋಣೆಯಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ, ರಾತ್ರಿ ಹೊರಗೆ ತಂಪಾದ ಮೇಲೆ ಕಿಟಕಿ ತೆರೆಯುವುದಕ್ಕಿಂತ ಅಗ್ಗದ ಸುಧಾರಣೆ ಇಲ್ಲ.

ನಮ್ಮ ಪಾಠದ ಲೋಪ

ಹವ್ಯಾಸಿಗಳ ನಂಬಿಕೆಗಳನ್ನು ಟೀಕಿಸಿ ಸುಮ್ಮನಾಗುವುದು ಸುಲಭ. ಆದರೆ ನನ್ನ ವಿದ್ಯಾರ್ಥಿ ಉಷ್ಣದ ಅಧ್ಯಾಯದಲ್ಲಿ ಒಳ್ಳೆಯ ಅಂಕ ಪಡೆದವನು. ನಾನು ಆ ಅಧ್ಯಾಯವನ್ನು ಕಾಲು ಶತಮಾನದಿಂದ ಬೋಧಿಸುತ್ತಿರುವವನು. ಇಬ್ಬರಿಗೂ ಏಕೆ ಹೊಳೆಯಲಿಲ್ಲ?

ನಾನು ವರ್ಷವರ್ಷವೂ ಬಿಡಿಸುವ ಲೆಕ್ಕಗಳನ್ನು ತಿರುಗಿ ನೋಡಿದೆ. ಇಷ್ಟು ಗ್ರಾಂ ಬಿಸಿ ತಾಮ್ರವನ್ನು ಇಷ್ಟು ಗ್ರಾಂ ತಣ್ಣೀರಿಗೆ ಹಾಕಿದರೆ ಅಂತಿಮ ತಾಪವೆಷ್ಟು? ಎಲ್ಲವೂ ಮುಚ್ಚಿದ ಪಾತ್ರೆಯಲ್ಲಿ, ಎಲ್ಲವೂ ನಿಂತ ನೀರಿನಲ್ಲಿ. ಉಷ್ಣ ಒಂದು ಕಡೆ ಎಡೆಬಿಡದೆ ಒಳಬರುತ್ತ, ಇನ್ನೊಂದು ಕಡೆ ಹೊರಹೋಗುತ್ತ, ಆದರೂ ತಾಪ ಬದಲಾಗದೆ ನಿಂತಿರುವ ಸ್ಥಿರ ಸ್ಥಿತಿಯ ಲೆಕ್ಕ ನನ್ನ ಟಿಪ್ಪಣಿಗಳಲ್ಲಿ ಒಂದೂ ಇರಲಿಲ್ಲ. ಗಣಕ, ವಾಹನದ ಎಂಜಿನ್, ವಿದ್ಯುತ್ ಸ್ಥಾವರ, ನಮ್ಮ ದೇಹ ಎಲ್ಲ ಇರುವುದು ಈ ಸ್ಥಿತಿಯಲ್ಲೇ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಕ್ಯಾಲೆಂಡರ್ ಮತ್ತು ಬಾರ್ನ್ಸ್ ಉಪಕರಣ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಂಟ್ರಿಯಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅವರಿಬ್ಬರು ನೀರಿನ ವಿಶಿಷ್ಟೋಷ್ಣವನ್ನು ನಿಖರವಾಗಿ ಅಳೆದ ವಿಧಾನ ಅದು. ಗಾಜಿನ ಕೊಳವೆಯಲ್ಲಿ ನೀರು ಸತತವಾಗಿ ಹರಿಯುತ್ತದೆ, ಒಳಗಿನ ತಂತಿ ಅದನ್ನು ಬಿಸಿಮಾಡುತ್ತದೆ, ಎರಡು ತುದಿಗಳಲ್ಲಿ ತಾಪವನ್ನು ಅಳೆಯುತ್ತೇವೆ. ಮೇಲೆ ಬಳಸಿದ ಸಮೀಕರಣ ಅದರದೇ. ಆ ವಿದ್ಯಾರ್ಥಿ ಆ ಪ್ರಯೋಗವನ್ನು ಮಾಡಿದ್ದ, ನಾನು ಅವನ ರೆಕಾರ್ಡಿಗೆ ಸಹಿ ಹಾಕಿದ್ದೆ. ತನ್ನ ಮೇಜಿನ ಮೇಲೆ ನಿಂತಿರುವುದೂ ಅದೇ ಉಪಕರಣ ಎಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಈ ಪ್ರಯೋಗವನ್ನು ಮಾಡಿಸುವಾಗ ವಿಶಿಷ್ಟೋಷ್ಣದ ಬೆಲೆ ಬರೆಸಿ ನಿಲ್ಲಿಸಬೇಡಿ. ಪ್ರವಾಹವನ್ನು ಇಮ್ಮಡಿ ಮಾಡಿದರೆ ತಾಪದ ಏರಿಕೆ ಏನಾಗುತ್ತದೆಂದು ಮೊದಲು ಊಹಿಸಿ ಬರೆಯಲು ಹೇಳಿ, ಆಮೇಲೆ ಅಳೆಸಿ. ಕೋಣೆಯ ತಾಪವನ್ನು ಪ್ರತಿ ಸಲವೂ ಬರೆಸಿ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಲು ಹೇಳಿ. ವಿದ್ಯಾರ್ಥಿಗಳಿಗೆ ಹೇಳುವುದಾದರೆ, ಹಣ ಖರ್ಚು ಮಾಡುವ ಮೊದಲು ಹಾಳೆಯ ಹಿಂಬದಿಯಲ್ಲಿ ಐದು ನಿಮಿಷ ಲೆಕ್ಕ ಹಾಕಿ. ಉತ್ತರ ಎರಡು ಡಿಗ್ರಿಗಿಂತ ಕಡಿಮೆ ಬಂದರೆ ಕತ್ತರಿಯನ್ನು ಕೆಳಗಿಡಿ. ಮೇಷ್ಟರು ಹೇಳಿದರು ಎಂಬ ಕಾರಣಕ್ಕಂತೂ ಅದನ್ನು ಎತ್ತಿಕೊಳ್ಳಬೇಡಿ.

ನನ್ನ ವಿದ್ಯಾರ್ಥಿಯ ಗಣಕ ಎರಡನೆಯ ಅಳತೆಯ ನಂತರ ಹೇಗಿತ್ತೋ ಹಾಗೆಯೇ ಇದೆ. ಮತ್ತೊಮ್ಮೆ ನೀರು ಬಸಿಯಲು ಆತ ಒಪ್ಪಲಿಲ್ಲ. ಮೇಲಿನ ರೇಡಿಯೇಟರಿನ ಮೂರು ಫ್ಯಾನುಗಳನ್ನು ಮಾತ್ರ ತಿರುಗಿಸಿ ಹಾಕಿದ. ಈ ಸಲ ಕೋಣೆಯ ತಾಪವನ್ನು ಬರೆದುಕೊಂಡೇ ನನಗೆ ಫಲಿತಾಂಶ ತಂದು ತೋರಿಸಿದ.